ನೀಲಿ ಕಾಯಿ ಹಣ್ಣಾಗಲಿಲ್ಲ

ನಾನು ಸಣ್ಣವಳಿದ್ದಾಗ ನಮ್ಮೂರಿನಲ್ಲಿ ಏಳು ಮಂದಿ ಬಸಪ್ಪ ಇದ್ದರು. ದೊಡ್ಡ ಬಸಪ್ಪ, ಗಿಡ್ಡ ಬಸಪ್ಪ, ಗಿರಣಿ ಬಸಪ್ಪ, ಕೋಳಿ ಬಸಪ್ಪ, ಮಿಲ್ಟ್ರಿ ಬಸಪ್ಪ, ಅಗಸಿ ಬಾಗಿಲ ಬಸಪ್ಪ, ಏಳನೆಯವನು ನಮ್ಮ ಮುತ್ಯಾ, ಅಂದರೆ ಅಪ್ಪನ ಅಪ್ಪ. ಓಣಿಯಲ್ಲಿ ನಿಂತು ಯಾರಾದರೂ "ಬಸಪ್ಪಾ" ಅಂತ ಒದರಿದರೆ ಮೂರು ಬಾಗಿಲಿಂದ "ಓ" ಅಂತ ಬರುತ್ತಿತ್ತು. ಇಷ್ಟು ಗೋಜಲು ಇದ್ದರೂ ಒಬ್ಬನೇ ಒಬ್ಬ ಬಸಪ್ಪನಿಗೂ ಯಾರೂ "ನಿನ್ನ ಹೆಸರು ಬದಲಿ ಮಾಡ್ಕೋ" ಅನ್ನಲಿಲ್ಲ. ಇದನ್ನು ಮೊದಲಿಗೇ ಹೇಳಿಬಿಡುತ್ತೇನೆ. ಮುಂದೆ ಹೇಳುವುದನ್ನು ಓದಿ "ಅಷ್ಟಕ್ಕ ಯಾಕ ಇಷ್ಟು ಸಿಟ್ಟು" ಅಂತ ನೀವು ಕೇಳಬಾರದು.

ನಮ್ಮೂರು ಇಂಡಿ ತಾಲೂಕಿನದು, ಹಲಸಂಗಿ ಕಡೆಗೆ ಹೋಗುವ ದಾರಿಯಲ್ಲಿದೆ. ಅಪ್ಪನಿಗೆ ನಿಂಬಿ ತೋಟ ಇತ್ತು. ಮನೆಯಲ್ಲಿ ಅಪ್ಪ, ಅವ್ವ, ಅಪ್ಪನ ಅವ್ವ ಆಯಿ, ನಾನು, ನನಗಿಂತ ನಾಲ್ಕು ವರ್ಷ ಸಣ್ಣವನಾದ ತಮ್ಮ ಶಿವು, ಇಷ್ಟೇ ಜನ. ಮುತ್ಯಾ ತೀರಿಕೊಂಡು ಮೂರು ವರ್ಷ ಆಗಿದ್ದರೂ ಆಯಿ ಗಂಡನ ಹೆಸರನ್ನು ಬಾಯಿಂದ ತೆಗೆಯುತ್ತಿರಲಿಲ್ಲ. ಗಂಡನ ಹೆಸರು ಹೇಳಿದರೆ ಅವನ ಆಯುಷ್ಯ ಕಡಿಮೆ ಆಗುತ್ತದಂತೆ. "ಸತ್ತವರ ಆಯುಷ್ಯ ಇನ್ನೆಷ್ಟು ಕಡಿಮಿ ಆಕ್ಕೈತಿ ಆಯಿ?" ಅಂತ ನಾನು ಕೇಳಿದರೆ ಕೈಗೆ ಸಿಕ್ಕ ಕಸಬರಿಗೆ ಎತ್ತುತ್ತಿದ್ದಳು. ಬಸವನ ಬಾಗೇವಾಡಿ ಆಕೆಗೆ ಬರೀ ಬಾಗೇವಾಡಿ. ಎತ್ತಿಗೆ ಬಸವ ಅನ್ನುತ್ತಿರಲಿಲ್ಲ. ಕಡೆಗೆ ಬಸ್ಸಿಗೆ ಸಹಿತ ಗಾಡಿ ಅನ್ನುತ್ತಿದ್ದಳು. ನಾವು ಹುಡುಗರು ಇದನ್ನೇ ದೊಡ್ಡ ಚೇಷ್ಟೆ ಮಾಡಿಕೊಂಡು ನಗುತ್ತಿದ್ದೆವು. ನಗುವಂಥದ್ದೂ ಆಗಿತ್ತು ಬಿಡಿ. ಹೆಂಗಸರ ಬಾಯಲ್ಲಿ ಯಾವ ಹೆಸರು ಬರಬೇಕು, ಯಾವುದು ಬರಬಾರದು ಅಂತ ಯಾರೋ ಒಂದು ಕಟ್ಟು ಹಾಕಿಟ್ಟಿದ್ದಾರೆ ಅನ್ನುವುದು ಆಗ ನಮಗೆ ಹೊಳೆದಿರಲಿಲ್ಲ.

ನಾನು ಐದನೇತ್ತೆ ಪರೀಕ್ಷೆ ಬರೆದು ಮುಗಿಸಿದ ಬ್ಯಾಸಿಗಿ ಅದು. ಹನ್ನೊಂದು ಗಂಟೆಯಾದರೆ ಅಂಗಳದಲ್ಲಿ ಕಾಲಿಡುವಂತಿರಲಿಲ್ಲ, ಹಂಚಿನ ಮೇಲೆ ನಡೆದ ಹಾಗೆ. ಅಪ್ಪ ನಸುಕಿನಲ್ಲೇ ನಿಂಬಿಹಣ್ಣಿನ ಚೀಲ ಹೇರಿಕೊಂಡು ಇಂಡಿ ಪೇಟೆಯ ಸವಾಲಿಗೆ, ಅಂದರೆ ಹರಾಜಿಗೆ, ಹೋದರೆ ಇಳಿಹೊತ್ತಿಗೇ ಬರುತ್ತಿದ್ದ. ಮನೆಯಲ್ಲಿ ಉಳಿದವರು ನಾಲ್ಕೇ ಮಂದಿ. ಚೌಕಾಬಾರಾ ಆಟಕ್ಕೂ ಬೇಕಾದವರು ನಾಲ್ಕೇ ಮಂದಿ. ಪಡಸಾಲಿಯ ಕಡಪಾ ಕಲ್ಲಿನ ಮೇಲೆ ಸುಣ್ಣದಿಂದ ಇಪ್ಪತ್ತೈದು ಮನೆ ಬರೆದು, ನಾಲ್ಕು ಕವಡಿ ತಗೊಂಡು ಕೂತರೆ ಹೊತ್ತು ಹೋದದ್ದೇ ಗೊತ್ತಾಗುತ್ತಿರಲಿಲ್ಲ. ಪಕ್ಕದಲ್ಲಿ ಒಂದು ಬುಟ್ಟಿಯಲ್ಲಿ ಚುರಮರಿ, ಒಗ್ಗರಣೆಗೆ ಹಾಕಿದ ಬಳ್ಳೊಳ್ಳಿಯ ಘಮ, ತಂಬಿಗೆಯಲ್ಲಿ ಮಜ್ಜಿಗಿ. ಅವ್ವ ದಿನದಲ್ಲಿ ಕೂಡುತ್ತಿದ್ದದ್ದು ಅದೊಂದೇ ಹೊತ್ತು.

ಆದರೆ ಕಾಯಿಗಳದೇ ತಕರಾರು. ಒಬ್ಬರದು ಒಡೆದ ಬಳಿ ಚೂರು, ಒಬ್ಬರದು ಹುಣಸಿ ಬೀಜ, ಒಬ್ಬರದು ಇದ್ದಲಿ, ಇನ್ನೊಬ್ಬರದು ಹಳ್ಳು. ಶಿವು ಮಹಾ ಖೊಟ್ಟಿ. ನಾವು ಅತ್ತ ನೋಡುವಷ್ಟರಲ್ಲಿ ಹಿಂದಿನ ಕಾಯಿ ಮುಂದೆ ಇಟ್ಟುಬಿಡುತ್ತಿದ್ದ. ದಿನಾ ಜಗಳ, ದಿನಾ ಅಳು. ಒಂದು ದಿನ ಅವ್ವ ಬೇಸತ್ತು, ಒಣಗಿದ್ದ ನಿಂಬಿ ಗಿಡದ ಒಂದು ಟೊಂಗಿ ಕೊಟ್ಟು ನಮ್ಮನ್ನು ಬಡಿಗೇರ ಕಾಳಪ್ಪಜ್ಜನ ಹತ್ತಿರ ಕಳಿಸಿದಳು. ಹದಿನಾರು ಕಾಯಿ ಮಾಡಿಕೊಡಬೇಕು, ಕೂಲಿಗೆ ಒಂದು ಭರಣಿ ನಿಂಬಿ ಉಪ್ಪಿನಕಾಯಿ.

ಕಾಳಪ್ಪಜ್ಜ ಟೊಂಗಿಯನ್ನು ಮೂಸಿ ನೋಡಿ, ತಲೆ ಆಡಿಸಿದ. "ಛಲೋ ಕಟಗಿ ಐತಿ. ಒಬ್ಬೊಬ್ಬರಿಗೆ ನಾಲ್ಕ, ತಲಿ ಬ್ಯಾರೆ ಬ್ಯಾರೆ ನಮೂನಿ ಕೆತ್ತತೇನಿ. ಆದ್ರ ನಾಲ್ಕರಾಗ ಯಾವ್ದು ಯಾವ್ದಂತ ಗುರುತು ಹೆಂಗ ಹಿಡೀತೀರಿ? ಹೋಗ್ರಿ, ಹದಿನಾರೂ ಕಾಯಿಗೆ ಒಂದೊಂದು ಹೆಸರು ಮಾಡ್ಕೊಂಡು ಬರ್ರಿ. ತೆಳಗ ಮೊದಲಿನ ಎರಡ ಅಕ್ಷರ ಕೆತ್ತಿ ಕೊಡ್ತೇನಿ."

ಅವತ್ತು ನಮ್ಮ ಪಡಸಾಲಿಯಲ್ಲಿ ನಡೆದ ನಾಮಕರಣ ಯಾವ ತೊಟ್ಟಿಲ ಮನೆಯಲ್ಲೂ ನಡೆದಿರಲಿಕ್ಕಿಲ್ಲ. ನಾನು ನನ್ನವಕ್ಕೆ ಊರ ಹೆಸರಿಟ್ಟೆ: ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ. ಬಸ್ಸಿನ ಬೋರ್ಡು ಓದುವುದು ನನಗೆ ಆಗ ಭಾಳ ದೊಡ್ಡ ವಿದ್ಯೆ. ಶಿವುಗೆ ಹೊಟ್ಟೆಯದೇ ಧ್ಯಾನ. ಅವನು ಚುರಮರಿ, ಭಜಿ, ಶೇಂಗಾ, ಗಾರಿಗಿ ಅಂತ ಇಟ್ಟ. ಆಯಿ ಮೊದಲು "ಕಾಯಿಗೆಲ್ಲಿ ಹೆಸರಲೇ, ಹುಚ್ಚ ಹಿಡದೈತೇನು ನಿಮಗ" ಅಂದಳು. ದೇವರ ಹೆಸರಿಡು ಅಂದರೆ, "ದೇವರ ಹೆಸರಿಟ್ಟು ನಿಮ್ಮ ಕೈಲೆ ಹೊಡಸ್ಕೊಳ್ಳೇನು?" ಅಂತ ಬೈದಳು. ಆಮೇಲೆ ಸ್ವಲ್ಪ ವಿಚಾರ ಮಾಡಿ, ಕಣ್ಣು ಸಣ್ಣ ಮಾಡಿ, ಓಣಿಯಲ್ಲಿ ತನಗೆ ಆಗದ ನಾಲ್ಕು ಹೆಂಗಸರ ಹೆಸರು ಹೇಳಿದಳು: ದ್ಯಾವಕ್ಕ, ಕಲ್ಲವ್ವ, ತಿಪ್ಪವ್ವ, ಶಾಂತವ್ವ. ಕಾಯಿ ಗೆದ್ದರೆ ಆಟ ತನ್ನದು, ಕಾಯಿ ಸತ್ತರೆ ವೈರಿ ಸತ್ತಂತೆ. ಎರಡೂ ಕಡೆಯಿಂದ ಆಕೆಗೇ ಲಾಭ.

"ನಿಂದೇನವ್ವಾ?" ಅಂತ ಅವ್ವನನ್ನು ಕೇಳಿದೆ.

ಅವ್ವ ಅಕ್ಕಿ ಆರಿಸುತ್ತಿದ್ದಳು. ತಲೆ ಎತ್ತಲಿಲ್ಲ. "ನನ್ನವು ಬಣ್ಣದ ಹೆಸರು ಇರ್ಲಿ. ಕೆಂಪಿ, ಹಸರಿ, ಹಳದಿ..." ಅಂದು ಒಂದು ಕಲ್ಲು ಆರಿಸಿ ಒಗೆದಳು. "ಮತ್ತ ನೀಲಿ."

"ಬಣ್ಣದ ಹೆಸರೇನ ಹೆಸರ, ಸೀರಿ ಅಂಗಡ್ಯಾಗ ಕುಂತಂಗ" ಅಂದಳು ಆಯಿ. ಅಲ್ಲಿಗೆ ಮುಗಿಯಿತು. ಯಾರಿಗೂ ಏನೂ ಅನ್ನಿಸಲಿಲ್ಲ.

ಎಂಟು ದಿನಕ್ಕೆ ಕಾಯಿ ಬಂದವು. ಹಳದಿ ಬಿಳುಪಿನ ನುಣ್ಣನೆಯ ಕಟಗಿ. ಕೈಯಲ್ಲಿ ಹಿಡಿದು ತಿಕ್ಕಿದರೆ ನಿಂಬಿ ಎಲೆಯ ವಾಸನೆ. ಬುಡದಲ್ಲಿ ಸಣ್ಣಗೆ ಅಕ್ಷರ. ಅವ್ವನವಕ್ಕೆ ನಾನೇ ಬಣ್ಣ ಹಾಕಿದೆ: ಕೆಂಪಿಗೆ ಕುಂಕುಮ, ಹಸರಿಗೆ ಮೆಂತೆ ಸೊಪ್ಪಿನ ರಸ, ಹಳದಿಗೆ ಅರಿಷಿಣ. ನೀಲಿಯನ್ನು ಮಾತ್ರ ಅಪ್ಪನ ಧೋತರಕ್ಕೆ ಹಾಕುವ ನೀಲಿ ನೀರಿನಲ್ಲಿ ಒಂದು ದಿನ ಪೂರ್ತಿ ನೆನೆಹಾಕಿದೆ. ಉಳಿದ ಮೂರು ಬಣ್ಣ ಎರಡು ದಿನದಲ್ಲಿ ಕೈಗೆ ಹತ್ತಿ ಹೋದವು. ನೀಲಿ ಹೋಗಲಿಲ್ಲ, ಕಟಗಿಯೊಳಗೇ ಇಳಿದು ಕೂತಿತು.

ಶಿವು ಖೊಟ್ಟಿತನ ಮಾಡಬಾರದಂತ ನಾನೊಂದು ಕಾಯ್ದೆ ಮಾಡಿದೆ. ಯಾವ ಕಾಯಿ ನಡೆಸಿದರೂ ಅದರ ಹೆಸರು ಗಟ್ಟಿಯಾಗಿ ಕೂಗಿ ನಡೆಸಬೇಕು. ಹೊಡೆದರೂ ಹೆಸರು ಕೂಗಿ ಹೊಡೆಯಬೇಕು. ಕೂಗದೆ ನಡೆಸಿದರೆ ಡಾವ, ಅಂದರೆ ಆ ಸರದಿ, ಹೋಯಿತು. ಆವಾಗ ನೋಡಬೇಕಿತ್ತು ನಮ್ಮ ಮನೆ. "ಭಜಿ ಬಂದ್ಲು!" "ಮುದ್ದೇಬಿಹಾಳ ಸತ್ತಿತು!" "ಕಲ್ಲವ್ವನ್ನ ಹೊಡದ್ಯಾ? ಛಲೋ ಆತು, ಬಾಯಿ ಭಾಳಾಗಿತ್ತು ಆಕಿದು!" ಆಯಿ ನನ್ನ ನಾಲ್ಕನೇ ಕಾಯಿ ಹೊಡೆಯುವಾಗ ಮಾತ್ರ ಫಜೀತಿ. "ಅದು... ಬಾಗೇವಾಡಿ ಸತ್ತಿತು" ಅಂದರೆ ನಾವು "ಪೂರಾ ಹೆಸರು, ಪೂರಾ ಹೆಸರು!" ಅಂತ ಕುಣಿಯುತ್ತಿದ್ದೆವು. ಆಕೆ ನಮ್ಮ ಅಪ್ಪನ ಆಣೆಗೂ ಹೇಳುತ್ತಿರಲಿಲ್ಲ, ಡಾವ ಬಿಟ್ಟುಕೊಡುತ್ತಿದ್ದಳು.

ಮತ್ತು ಆ ಗದ್ದಲದ ನಡುವೆ ದಿನಕ್ಕೆ ನಲವತ್ತು ಐವತ್ತು ಸಲ "ನೀಲಿ". ನೀಲಿ ಹೊಂಟ್ಲು, ನೀಲಿ ಕಟ್ಟಿ ಏರಿದ್ಲು, ನೀಲಿ ಒಳಮನಿಗೆ ಬಂದ್ಲು. ಅವ್ವ ಕೂಗುತ್ತಿದ್ದದ್ದು ಕಡಿಮೆ ದನಿಯಲ್ಲಿ. ಆದರೆ ನಾವು ಕೂಗಿದಾಗ ಒಂದು ಕ್ಷಣ ತಲೆ ಎತ್ತುತ್ತಿದ್ದಳು, ಯಾರೋ ಬಾಗಿಲಲ್ಲಿ ಬಂದು ನಿಂತು ಕರೆದ ಹಾಗೆ. ಆಟದ ಹುರುಪು ಅಂದುಕೊಂಡಿದ್ದೆ. ಆ ಕಾಯಿ ಮಾತ್ರ ಒಮ್ಮೆಯೂ ಹಣ್ಣಾಗಿರಲಿಲ್ಲ. ಸುತ್ತು ಹಾಕಿ ನಟ್ಟನಡುವಿನ ಮನೆ ಮುಟ್ಟಿದರೆ ಕಾಯಿ ಹಣ್ಣಾಯಿತು ಅನ್ನುತ್ತೇವಲ್ಲ, ಅದು. ಅವ್ವ ನೀಲಿಯನ್ನು ಎಲ್ಲದಕ್ಕಿಂತ ಕಡೆಗೆ ನಡೆಸುತ್ತಿದ್ದಳು. ಅಷ್ಟರಲ್ಲಿ ನಾವ್ಯಾರಾದರೂ ಗೆದ್ದುಬಿಡುತ್ತಿದ್ದೆವು.

ಆ ತಿಂಗಳ ನಡುವೆ ಒಂದು ದಿನ ಮಾಮಾ ಬಂದ. ಅವ್ವನ ಅಣ್ಣ, ಮುದ್ದೇಬಿಹಾಳ ಕಡೆಯ ಹಳ್ಳಿಯವನು. ಅವ್ವನಿಗೆ ತವರಿನಲ್ಲಿ ಉಳಿದವನು ಅವನೊಬ್ಬನೇ. ಶೇಂಗಾ ಹೋಳಿಗಿ ಕಟ್ಟಿಸಿಕೊಂಡು ಬಂದಿದ್ದ. ಹೊಸ್ತಿಲಲ್ಲಿ ಚಪ್ಪಲಿ ಬಿಡುವಾಗ ಶಿವು ಒಳಗಿಂದ "ನೀಲೀ ಬಂದ್ಲೋ!" ಅಂತ ಒದರಿದ. ಮಾಮಾ ಒಂದು ಕಾಲಲ್ಲಿ ಚಪ್ಪಲಿ, ಒಂದು ಕಾಲು ಬರಿದು, ಹಾಗೇ ನಿಂತುಬಿಟ್ಟ. ಆಮೇಲೆ ಒಳಗೆ ಬಂದು ಕೂತು ಚಹಾ ಕುಡಿದ. ಆಟ ನೋಡಿದ. "ತಂಗಿ, ಆರಾಮದಿ?" ಅಂತ ಎರಡು ಸಲ ಕೇಳಿದ. ಅವನು ಅವ್ವನನ್ನು ಯಾವಾಗಲೂ ತಂಗಿ ಅನ್ನುತ್ತಿದ್ದ, ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಿರಲಿಲ್ಲ.

ಸಂಜೆ ಅವನನ್ನು ಬಸ್ಸಿಗೆ ಬಿಡಲು ನಾನು ಜೊತೆಗೆ ಹೋದೆ. ಬೇವಿನ ಗಿಡದ ಕೆಳಗೆ ನಿಂತಾಗ ಕೇಳಿದ, "ಶೈಲಾ, ಆ ಕಾಯಿಗೆ ಹೆಸರು ಯಾರು ಇಟ್ಟಾರವ್ವಾ?"

"ಅವ್ವ. ಬಣ್ಣದ ಹೆಸರು ಮಾಮಾ."

"ಬಣ್ಣದ್ದಲ್ಲ ಅದು. ನಿಮ್ಮವ್ವನ ಹೆಸರು. ನೀಲವ್ವ. ನಾವು ನೀಲಿ ಅಂತಿದ್ವಿ."

ನನಗೆ ನಗು ಬಂತು. "ಅವ್ವನ ಹೆಸರು ಸುವರ್ಣಾ ಅಲ್ಲೇನು?"

"ಅದು ನಿಮ್ಮ ಮನ್ಯಾಗ ಇಟ್ಟದ್ದು. ಮದುವಿ ದಿವಸ ಅಕ್ಕಿ ತಾಟಿನ್ಯಾಗ ನಿಮ್ಮಪ್ಪ ಉಂಗುರ ತಗೊಂಡು ಬರದ್ರು, ಸುವರ್ಣಾ ಅಂತ. ಬಂದ ಮಂದಿ ಚಪ್ಪಾಳಿ ಹೊಡೀತು. ಅಲ್ಲಿಗೆ ನಮ್ಮ ನೀಲಿ ಮುಗದ್ಲು."

"ಯಾಕ ಬದಲಿ ಮಾಡಿದ್ರು?"

"ಸಿಂದಗಿಗೆ ಕೊಟ್ಟ ನಿಮ್ಮತ್ತಿ ಹೆಸರೂ ನೀಲಮ್ಮ ಐತಲ್ಲ. ಅಕ್ಕನ ಹೆಸರಲೆ ಹೆಂಡ್ತಿನ್ನ ಹೆಂಗ ಕರೀಬೇಕು?" ಅಂದ. ಅವನೂ ಅದನ್ನು ನ್ಯಾಯವೆಂಬ ಹಾಗೆಯೇ ಹೇಳಿದ. ಬಸ್ಸು ಬಂತು. ಹತ್ತುವಾಗ ನನ್ನ ತಲೆ ಸವರಿ, "ಮನಸ್ಸಿನ್ಯಾಗ ಇಟ್ಕೋ. ಯಾರ ಮುಂದೂ ಅನಬ್ಯಾಡ" ಅಂದ.

ಮನೆಗೆ ಬರುವಷ್ಟರಲ್ಲಿ ನನಗೆ ಅವ್ವ ಬೇರೆ ಯಾರೋ ಆಗಿದ್ದಳು. ನನ್ನಂಥದೇ ಒಂದು ಹುಡುಗಿ, ಯಾರೋ "ನೀಲೀ" ಅಂತ ಕೂಗಿದರೆ ಓಡಿ ಬರುವ ಹುಡುಗಿ. ಮರುದಿನ ಆಟದಲ್ಲಿ ನನಗೆ ಸರಿಯಾಗಿ ಮೂರು ಬಿತ್ತು. ಮೂರು ಮನೆ ಮುಂದೆ ನೀಲಿ ಕೂತಿದ್ದಳು. ನಾನು ಹೊಡೆಯಲಿಲ್ಲ, ಬೇರೆ ಕಾಯಿ ಸರಿಸಿದೆ. ಅವ್ವ ನನ್ನ ಮುಖ ನೋಡಿದಳು. ಅಣ್ಣ ಬಾಯಿ ಬಿಟ್ಟಿದ್ದಾನೆ ಅನ್ನುವುದು ಆಕೆಗೆ ಆಗಲೇ ತಿಳಿದಿರಬೇಕು. "ಆಟದಾಗ ದಯಾ ಮಾಡಬಾರದು. ಹೊಡಿ. ನೀಲಿ ಮತ್ತ ಹುಟ್ಟಿ ಬರ್ತಾಳ" ಅಂದಳು. ನಾನು ಹೆಸರು ಕೂಗಿ ಹೊಡೆದೆ. ಅವ್ವ ನಕ್ಕಳು. ಅವ್ವ ಹಾಗೆ ಬಾಯಿ ತುಂಬ ನಕ್ಕದ್ದು ನನ್ನ ನೆನಪಿನಲ್ಲಿ ಭಾಳ ಇಲ್ಲ.

ಈ ಗುಟ್ಟು ನಾನು ಕಾಪಾಡಿದ್ದು ಎಷ್ಟು ದಿನ ಅಂದುಕೊಂಡಿರಿ? ಒಂಬತ್ತು ದಿನ.

ಹತ್ತನೇ ದಿನ ಸಿಂದಗಿಯಿಂದ ನೀಲಮ್ಮತ್ತಿ ಬಂದಳು. ಅಪ್ಪನ ಅಕ್ಕ. ಮೈ ತುಂಬ ಬಂಗಾರ, ಮೂಗಿನ ತುದಿಗೆ ಸಿಟ್ಟು. ಇಳಿಹೊತ್ತು, ಆಟ ನಡೆದಿತ್ತು. ಅವ್ವ ರೊಟ್ಟಿ ಮಾಡಲು ಎದ್ದು, "ನನ್ನ ಡಾವ ನೀ ಆಡು ಶೈಲಾ" ಅಂತ ಒಳಗೆ ಹೋಗಿದ್ದಳು. ಅತ್ತಿ ಆಯಿಯ ಪಕ್ಕ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದಳು. ಶಿವುಗೆ ಚೌಕಾ, ಅಂದರೆ ನಾಲ್ಕು ಬಿತ್ತು. ಮೇಲೆ ಎರಡು. ಅವನ ಗಾರಿಗಿ ಹೋಗಿ ನೀಲಿಯನ್ನು ಹೊಡೆಯಿತು. ಹುಡುಗ ಎದ್ದು ನಿಂತು ಕುಣಿದಾಡಿ ಒದರಿದ, "ನೀಲಿ ಸತ್ಲು! ನೀಲಿ ಸತ್ತ ಹೋದ್ಲು!"

ಫಟ್ ಅಂತ ಬಿತ್ತು ಅವನ ಕಪಾಳಕ್ಕೆ.

"ಬಾಡ್ಯಾ! ತವರಿಗೆ ಬಂದ ಮಗಳ ಹೆಸರು ಹಿಡಿದು ಸತ್ತಾಳಂತ ಕುಣೀತಿಯಾ? ಯಾರು ಕಲಿಸ್ಯಾರ ನಿನಗ?" ಅತ್ತಿ ಇನ್ನೊಂದು ಏಟಿಗೆ ಕೈ ಎತ್ತಿದ್ದಳು. ಶಿವು ಉಸಿರು ಕಟ್ಟಿ ಅಳುವುದಕ್ಕೂ ಆಗದೆ ನಿಂತಿದ್ದ. ಏಳು ವರ್ಷದ ಹುಡುಗ, ಅವನಿಗೇನು ಗೊತ್ತು? ನನಗೆ ಗೊತ್ತಿತ್ತು. ನಾನು ನಡುವೆ ಹೋಗಿ ನಿಂತು ಅಂದೆ, "ನಿನ್ನ ಹೆಸರಲ್ಲತ್ತಿ ಅದು! ಅವ್ವನ ಹೆಸರು!"

ಬಾಯಿ ಬಿಟ್ಟರೆ ಬಣ್ಣಗೇಡು ಅನ್ನುತ್ತಾರೆ. ಆ ಗಾದೆ ನನಗಾಗಿಯೇ ಹುಟ್ಟಿದ್ದು.

ಒಳಗೆ ರೊಟ್ಟಿ ಬಡಿಯುವ ಸಪ್ಪಳ ನಿಂತಿತು. ಅದೇ ನನಗೆ ಮೊದಲು ಕೇಳಿದ್ದು. ಆಮೇಲೆ ಆಯಿ ಮೆಲ್ಲಗೆ, "ಏನಂದಿ?" ಅಂದಳು. ಅತ್ತಿ ದನಿ ತೆಗೆದು ಅಳಲು ಶುರು ಮಾಡಿದಳು. ಆಕೆಗೆ ಅಳು ಅಂದರೆ ಕಣ್ಣೀರಲ್ಲ, ಕರೆ. "ಶಂಕ್ರೂ! ಬಾರೋ ಇಲ್ಲೆ! ನಿನ್ನ ಹೇಣ್ತಿ ನನ್ನ ಹೆಸರು ಕಸಗೊಂಡು ಕಾಯಿಗೆ ಇಟ್ಟಾಳ, ದಿನಾ ಹುಡುಗರ ಕೈಲೆ ಹೊಡಸಾಕತ್ತಾಳ ನೋಡು!"

ಅಪ್ಪ ಅಂಗಳದಲ್ಲಿ ಖಾಲಿ ಚೀಲ ಝಾಡಿಸುತ್ತಿದ್ದವನು ಒಳಗೆ ಬಂದ. ಅಪ್ಪ ಕೆಟ್ಟವನಲ್ಲ. ಇದನ್ನೂ ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ, ಕೆಟ್ಟವನಾಗಿದ್ದರೆ ನನಗೆ ಹಗುರ ಆಗುತ್ತಿತ್ತು. ನಮಗೆ ಪೇಟೆಯಿಂದ ಚುರಮರಿ ತರುವುದನ್ನು ಒಂದು ದಿನ ಮರೆತವನಲ್ಲ, ಅವ್ವನ ಮೇಲೆ ಕೈ ಎತ್ತಿದವನಲ್ಲ. ಕೆಳಗೆ ಬಿದ್ದಿದ್ದ ನೀಲಿಯನ್ನು ಎತ್ತಿದ. ತಿರುಗಿಸಿ ಬುಡದ ಅಕ್ಷರ ನೋಡಿದ. ಅಡಗಿಮನೆ ಬಾಗಿಲಿಗೆ ಹೋಗಿ ನಿಂತ.

"ಏನಿದು?"

ಅವ್ವ ಒಲೆಯ ಮುಂದೆ ಕೂತಿದ್ದಳು. ಕೈಗೆಲ್ಲ ಹಿಟ್ಟು. "ಬಣ್ಣರಿ."

"ಯಾವ ಬಣ್ಣ?"

"ನೀಲಿ ಬಣ್ಣರಿ."

"ಇಕಿ ಏನ ಅನ್ನಾಕತ್ತಾಳಲ್ಲ ಮತ್ತ? ಹೆಸರು ಅಂತಾಳ?"

ನಾನು ಅಪ್ಪನ ಹಿಂದೆ ನಿಂತಿದ್ದೆ. ಅವ್ವ ನನ್ನ ಕಡೆ ನೋಡಿದಳು. ಆಕೆ ಹೌದು ಅನ್ನುತ್ತಾಳೆ ಅಂತ ನನಗೆ ಖಾತ್ರಿ ಇತ್ತು. ನಾನು ಸುಳ್ಳು ಹೇಳುವವಳಲ್ಲ ಅಂತ ಆಕೆಗೆ ಗೊತ್ತಲ್ಲ.

"ಸಣ್ಣದು ಐತಿ. ತಿಳೀಲಾರದ ಏನರೆ ಅಂತೈತಿ" ಅಂದಳು ಅವ್ವ. "ನನ್ನ ಹೆಸರು ಸುವರ್ಣಾ."

ಹಿಂದೆ ಅತ್ತಿಯ ಅಳು ನಡೆದೇ ಇತ್ತು. ಅಪ್ಪ ಕಾಯಿಯನ್ನು ಅವ್ವನ ಮುಂದೆ ಹಿಡಿದು, "ಒಲಿಗೆ ಹಾಕು" ಅಂದ. ಅವನು ತಾನೇ ಹಾಕಬಹುದಿತ್ತು. ಹಾಕಲಿಲ್ಲ. ಅವ್ವ ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು, ಕಾಯಿ ಇಸಿದುಕೊಂಡು, ಹಂಚಿನ ಕೆಳಗೆ ಬೆಂಕಿಯಲ್ಲಿ ಇಟ್ಟಳು. ಒಗೆಯಲಿಲ್ಲ, ಇಟ್ಟಳು. ಒಣಗಿದ ಕಟಗಿ, ಲಗೂನೇ ಹತ್ತಿತು. ಅಡಗಿಮನೆ ತುಂಬ ನಿಂಬಿ ಎಲೆ ಸುಟ್ಟ ವಾಸನೆ. ಅದೇ ಉರಿಯ ಮೇಲೆ ಮುಂದಿನ ರೊಟ್ಟಿ ಉಬ್ಬಿತು. ಆ ರೊಟ್ಟಿಯನ್ನು ಅಪ್ಪ ಉಂಡ, ಅತ್ತಿ ಉಂಡಳು, ಆಯಿ ಉಂಡಳು. ನಾನೂ ಉಂಡೆ. ಹಸಿವಾಗಿತ್ತು. ಅದನ್ನು ನೆನೆದರೆ ಇವತ್ತಿಗೂ ನನ್ನ ಮೇಲೇ ನನಗೆ ಥೂ ಅನ್ನಿಸುತ್ತದೆ.

ಕೈ ತೊಳೆಯುವಾಗ ಆಯಿ, "ಕಾಯಿಗೆ ಹೆಸರಿಡೋದ ತಪ್ಪು. ನಾ ಮೊದಲ ಅಂದಿದ್ದೆ" ಅಂದಳು. ತನ್ನ ದ್ಯಾವಕ್ಕ, ಕಲ್ಲವ್ವರನ್ನು ಜೋಪಾನವಾಗಿ ಎತ್ತಿ ಡಬ್ಬಿಗೆ ಹಾಕಿಟ್ಟುಕೊಂಡೇ ಅಂದಳು. ನಾನು ಸಿಟ್ಟು ತಡೆಯದೆ ಕೇಳಿದೆ, "ನಿನ್ನ ಮೊದಲಿನ ಹೆಸರು ಏನಿತ್ತು ಆಯಿ?"

"ನನಗ್ಯಾಕಲೇ ಹೆಸರು? ಕರಿಯವ್ರ ಯಾರದಾರ?"

ಸೂಟಿ ಮುಗಿಯುವುದಕ್ಕೆ ಇನ್ನೂ ಹನ್ನೆರಡು ದಿನ ಇತ್ತು. ಶಿವು ಹಟ ಹಿಡಿದು ಮತ್ತೆ ಆಟ ಹೂಡಿದ. ಸುಟ್ಟುಹೋದ ಕಾಯಿಯ ಜಾಗಕ್ಕೆ ಅವ್ವ ಒಂದು ಹುಣಸಿ ಬೀಜ ಇಟ್ಟುಕೊಂಡಳು. ಕವಡಿ ಹಾಕಿದಳು. ಬೀಜವನ್ನು ನಾಲ್ಕು ಮನೆ ನಡೆಸಿದಳು. ಬಾಯಿ ತೆರೆಯಲಿಲ್ಲ.

"ಹೆಸರು ಕೂಗಲಿಲ್ಲ! ಡಾವ ಹೋತು!" ಅಂತ ಶಿವು ಒದರಿದ.

"ಹೋಗ್ಲಿ" ಅಂದಳು ಅವ್ವ. ಕೈ ಕಟ್ಟಿ ಕೂತಳು. ಮತ್ತೊಂದು ಸಲ ಅದೇ. ಮೂರನೇ ಸಲವೂ ಅದೇ. ನಾಲ್ಕನೇ ಡಾವಿಗೆ ನಾನು ಪಟದ ಮೇಲೆ ಕೈ ಆಡಿಸಿ ಎಲ್ಲ ಕಾಯಿ ಚೆಲ್ಲಾಪಿಲ್ಲಿ ಮಾಡಿ ಎದ್ದು ಹೋದೆ. ಆ ಮನೆಯಲ್ಲಿ ಮತ್ತೆ ಚೌಕಾಬಾರಾ ಆಡಲಿಲ್ಲ.

ನನ್ನ ಸಿಟ್ಟೆಲ್ಲ ಆಗ ಯಾರ ಮೇಲೆ ಇತ್ತು ಗೊತ್ತೇನು? ಅಪ್ಪನ ಮೇಲಲ್ಲ, ಅತ್ತಿಯ ಮೇಲಲ್ಲ. ಅವ್ವನ ಮೇಲೆ. ತನ್ನ ಹೆಸರು ಉಳಿಸಿಕೊಳ್ಳದೆ ನನ್ನನ್ನು ಸುಳ್ಳಿ ಮಾಡಿದಳಲ್ಲ ಅಂತ. ನಾಲ್ಕು ವರ್ಷ ಆಕೆಯ ಹತ್ತಿರ ಮುಖ ಕೊಟ್ಟು ಮಾತಾಡಲಿಲ್ಲ. ನೋಡಿ ಎಂಥಾ ಹಿಕಮತ್ತಿನ ಏರ್ಪಾಡು. ಹೆಸರು ಕಿತ್ತವರು ನೆಮ್ಮದಿಯಿಂದ ಎಲೆ ಅಡಿಕಿ ಹಾಕಿಕೊಂಡು ಕೂತರು, ಕಳಕೊಂಡವಳು ಮಗಳ ಕೈಯಿಂದಲೂ ಬೈಸಿಕೊಂಡಳು. ಅವ್ವ ಒಂದು ತಿಂಗಳ ಮಟ್ಟಿಗೆ ಎಷ್ಟು ಜಾಣತನದಿಂದ ತನ್ನ ಹೆಸರನ್ನು ಅದೇ ಮನೆಯೊಳಗೆ, ಆಯಿಯ ಕಿವಿಯ ಮುಂದೆಯೇ, ಬಣ್ಣದ ಸೀರೆ ಉಡಿಸಿ ಓಡಾಡಿಸಿದ್ದಳು ಅನ್ನುವುದು ತಿಳಿಯಲು ನನಗೆ ನನ್ನದೇ ಮದುವೆ ಆಗಬೇಕಾಯಿತು. ನನ್ನ ಮುಂದೆಯೂ ಅಕ್ಕಿ ತಾಟು ಬಂದಿತ್ತು. ನಾನು ತಾಟನ್ನೇ ಆ ಕಡೆ ಸರಿಸಿದೆ. ಬೀಗರು ಇಂದಿಗೂ ನನ್ನನ್ನು ಗಟ್ಟಿ ಹೆಣ್ಣು ಅನ್ನುತ್ತಾರೆ. ಅನ್ನಲಿ, ಶೈಲಾ ಅಂತ ಹೆಸರು ಹಿಡಿದು ಅನ್ನುತ್ತಾರಲ್ಲ, ಅಷ್ಟು ಸಾಕು.

ನಾನೀಗ ಬಸವನ ಬಾಗೇವಾಡಿಯಲ್ಲಿ ಸಾಲಿ ಟೀಚರ್. ದಿನಾ ಮುಂಜಾನೆ ಹಾಜರಿ ಕೂಗುತ್ತೇನೆ. ಒಂದೇ ತರಗತಿಯಲ್ಲಿ ಮೂವರು ಐಶ್ವರ್ಯಾ ಇದ್ದಾರೆ, ಮೂವರನ್ನೂ ಅದೇ ಹೆಸರಿನಿಂದ ಕೂಗುತ್ತೇನೆ, ಮೂವರೂ ಗೊಂದಲ ಇಲ್ಲದೆ "ಎಸ್ ಮಿಸ್" ಅನ್ನುತ್ತಾರೆ. ದಾಖಲಾತಿ ಅರ್ಜಿಯಲ್ಲಿ ತಾಯಿಯ ಹೆಸರು ಅಂತ ಒಂದು ಸಾಲು ಇರುತ್ತದೆ. ಕೆಲವು ತಾಯಂದಿರು ಅಲ್ಲಿ ಪೆನ್ನು ಹಿಡಿದು ಒಂದು ಗಳಿಗೆ ನಿಲ್ಲುತ್ತಾರೆ. "ಯಾವ ಹೆಸರು ಬರೀಲ್ರಿ ಟೀಚರ್?" ಅಂತ ಕೇಳಿದವರೂ ಇದ್ದಾರೆ. ಆಗ ನನಗೆ ಆ ಅರ್ಜಿ ಹರಿದು ಒಗೆಯಬೇಕು ಅನ್ನಿಸುತ್ತದೆ.

ಅಪ್ಪ ಇಲ್ಲ, ಆಯಿ ಇಲ್ಲ. ನೀಲಮ್ಮತ್ತಿ ಹೋಗಿ ಎಂಟು ವರ್ಷ. ತೋಟ ಶಿವು ನೋಡಿಕೊಳ್ಳುತ್ತಾನೆ. ಹದಿನೈದು ಕಾಯಿಯ ಡಬ್ಬಿ ನನ್ನ ಕಪಾಟಿನಲ್ಲಿದೆ, ಅವುಗಳಲ್ಲಿ ಈಗ ನಿಂಬಿ ವಾಸನೆ ಇಲ್ಲ. ಕಾಳಪ್ಪಜ್ಜ ಕೆತ್ತಿದ ಅಕ್ಷರ ಮಾತ್ರ ಇನ್ನೂ ಕೈಗೆ ಹತ್ತುತ್ತವೆ. ಆಡುವವರಿಲ್ಲ.

ಹೋದ ತಿಂಗಳು ಅವ್ವ ನಮ್ಮಲ್ಲಿಗೆ ಬಂದಿದ್ದಳು. ರವಿವಾರ ಮಧ್ಯಾಹ್ನ ನನ್ನ ಮಗಳು ಅನು ಮೊಬೈಲಿನಲ್ಲಿ ಲೂಡೋ ತೆಗೆದು ಅಜ್ಜಿಯನ್ನು ಪಕ್ಕಕ್ಕೆ ಕೂಡಿಸಿಕೊಂಡಳು. ಅಜ್ಜಿಗೆ ಅವಳು ಅಮ್ಮಾ ಅನ್ನುತ್ತಾಳೆ. "ಅಮ್ಮಾ, ನಿನಗ ಯಾವ ಬಣ್ಣ ಬೇಕು?"

"ನೀಲಿ" ಅಂದಳು ಅವ್ವ. ಒಂದು ಕ್ಷಣವೂ ತಡ ಮಾಡದೆ.

ನಾನು ಬಟ್ಟೆ ಮಡಚುತ್ತಿದ್ದವಳು ಕೈ ನಿಲ್ಲಿಸಿದೆ.

"ಹೆಸರೂ ಹಾಕಬೇಕಮ್ಮಾ. ಏನಂತ ಹಾಕ್ಲಿ?"

"ನೀಲಿ ಅಂತ ಹಾಕು ಅನು" ಅಂದೆ ನಾನು. ನನ್ನ ದನಿ ಜೋರಾಗಿತ್ತು. "ನೀಲವ್ವ ಅಂತ ಪೂರಾ ಹಾಕು. ಅದ ಆಕಿ ಹೆಸರು."

ಅವ್ವ ನನ್ನ ಕಡೆ ತಿರುಗಿದಳು. ಅಂದು ಒಲೆಯ ಮುಂದೆ ನೋಡಿದ ಹಾಗೆಯೇ ನೋಡಿದಳು. "ಬ್ಯಾಡ. ಬಣ್ಣ ಅಷ್ಟ ಸಾಕು. ಅದು ನಿಮ್ಮತ್ತಿ ಹೆಸರು."

"ಅತ್ತಿ ಸತ್ತು ಎಂಟು ವರ್ಷ ಆತವ್ವಾ!"

"ಆದ್ರೇನಾತು. ಹೆಸರು ಆಕಿದ ಅಲ್ಲ?"

"ಹಂಗಾರ ಸುವರ್ಣಾ ಅಂತ ಹಾಕ್ಲಾ?" ಅಂತ ಅನು ಕೇಳಿದಳು. ಅವ್ವ ಅದಕ್ಕೆ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಅನುಗೆ ಅವಸರ. ಹೆಸರಿನ ಜಾಗ ಖಾಲಿ ಬಿಟ್ಟು ಆಟ ಶುರು ಮಾಡಿದಳು. ಖಾಲಿ ಬಿಟ್ಟರೆ ಆ ಆಟ ತಾನೇ ಒಂದು ಹೆಸರು ಕೊಡುತ್ತದೆ.

ಅವ್ವ ಚೆನ್ನಾಗಿ ಆಡಿದಳು. ಮೊದಲಿನ ಹುಷಾರಿ ಇನ್ನೂ ಇತ್ತು. ಒಂದಾದ ಮೇಲೆ ಒಂದು ನಾಲ್ಕೂ ನೀಲಿ ಕಾಯಿ ಹಣ್ಣು ಮಾಡಿದಳು. ಮೊಬೈಲು ಢಂಢಂ ಅಂತ ಬಾರಿಸಿ, ಹೂವು ಉದುರಿಸಿ, ಇಂಗ್ಲಿಷಿನಲ್ಲಿ ದೊಡ್ಡ ಅಕ್ಷರದಲ್ಲಿ ತೋರಿಸಿತು: ಪ್ಲೇಯರ್ ಟೂ ಗೆದ್ದರು.

ಅವ್ವನಿಗೆ ಇಂಗ್ಲಿಷು ಬರುವುದಿಲ್ಲ. ಮೊಬೈಲನ್ನು ನನ್ನ ಕಡೆ ಹಿಡಿದು, "ಏನ ಬರದೈತಿ ಶೈಲಾ?" ಅಂದಳು.

"ನೀ ಗೆದ್ದಿ ಅಂತ ಬರದೈತವ್ವಾ."

"ನನ್ನ ಹೆಸರು ಹಾಕ್ಯಾರೇನು ಅದರಾಗ?"

"ಹಾಕ್ಯಾರವ್ವಾ" ಅಂದೆ.

ಯಾವ ಹೆಸರು ಅಂತ ಆಕೆ ಕೇಳಲಿಲ್ಲ.